ಪ್ರೋಟಾನ್ ಬಡಿದರೆ ಎಷ್ಟು ಪಯಾನ್? ಎಣಿಸುವ ಬಗೆ

ಪ್ರೋಟಾನ್ ಅಥವಾ ಪಯಾನ್ (ಇಂಥ ಡಿಕ್ಕಿಗಳಲ್ಲಿ ಹುಟ್ಟಿ ಬೇಗ ಕ್ಷಯಿಸುವ ಕಣ) ನ್ಯೂಕ್ಲಿಯಸ್‌ಗೆ ಬಡಿದಾಗ ಯಾವ ಕಣ, ಯಾವ ಕೋನದಲ್ಲಿ, ಎಷ್ಟು ಸಂವೇಗದಲ್ಲಿ ಸಿಡಿಯುತ್ತದೆ? ಯಾವುದಕ್ಕೂ ಸುಲಭವಾಗಿ ಸಿಕ್ಕದ ಹಗುರ ಕಣಗಳಾದ ನ್ಯೂಟ್ರಿನೊಗಳು ಪಯಾನ್ ಕ್ಷಯಿಸಿದಾಗ ಹುಟ್ಟುವುದರಿಂದ, ನ್ಯೂಟ್ರಿನೊ ಪ್ರಯೋಗಗಳಿಗೆ ಈ ಲೆಕ್ಕ ಬೇಕೇ ಬೇಕು. 1965ರಲ್ಲಿ ಕೋಲಾರದ ಚಿನ್ನದ ಗಣಿಯಾಳದಲ್ಲಿ ಸುಳಿವು ಕೊಟ್ಟ ನ್ಯೂಟ್ರಿನೊಗಳೂ ಹುಟ್ಟಿದ್ದು ಹೀಗೆಯೇ, ಗಾಳಿಯ ನ್ಯೂಕ್ಲಿಯಸ್‌ಗಳಿಗೆ ವಿಶ್ವಕಿರಣ ಬಡಿದು. ಜಿನೀವಾ ಬಳಿಯ ಕಣಭೌತ ಪ್ರಯೋಗಾಲಯ ಸರ್ನ್‌ನಲ್ಲಿ 2001–02ರಲ್ಲಿ ನಡೆದ ಹಾರ್ಪ್ ಪ್ರಯೋಗದ ಅಳತೆಯನ್ನೇ ಹಂತ ಹಂತವಾಗಿ ನೋಡೋಣ.

ಮೊದಲು ಗುರಿ. ಕಣವೊಂದು ಸರಾಸರಿ ಎಷ್ಟು ದೂರ ಸಾಗಿ ಡಿಕ್ಕಿಯಾಗುತ್ತದೋ ಅದರ 5% ದಪ್ಪ ಸಾಕು: ಅಲ್ಯೂಮಿನಿಯಂ ಆದರೆ 19.8 ಮಿ.ಮೀ., ಟ್ಯಾಂಟಲಮ್ ಆದರೆ 5.6 ಮಿ.ಮೀ. ಇನ್ನೂ ದಪ್ಪವಾದರೆ ಹುಟ್ಟಿದ ಪಯಾನ್ ಅಲ್ಲೇ ಮತ್ತೆ ಬಡಿದು ಲೆಕ್ಕ ಕೆಡಿಸುತ್ತದೆ. ಆ ಎರಡನೇ ಬಡಿತವನ್ನೂ ತಿಳಿಯಬೇಕೆಂದೇ ಪಯಾನ್ ಕಿರಣದಿಂದಲೂ ಬೇರೆಯಾಗಿ ಅಳೆಯುವುದು.

ಒಳಬರುವ ಕಣದ ಗುರುತು ಹಿಡಿಯುವುದು ಮುಂದಿನ ಕೆಲಸ. ಒಂದೇ ಕಿರಣದಲ್ಲಿ ಪ್ರೋಟಾನ್, ಪಯಾನ್ ಎರಡೂ ಬೆರೆತಿರುತ್ತವೆ. 21.4 ಮೀಟರ್ ಅಂತರದಲ್ಲಿ ಎರಡು ಸಿಂಟಿಲೇಟರ್ (ಕಣ ಹಾದಾಗ ಮಿಂಚುವ ಫಲಕ) ಇಟ್ಟರೆ, 3 ಜಿಇವಿ (ಕಣಗಳ ಶಕ್ತಿ, ಸಂವೇಗ ಅಳೆಯುವ ಮಾನ) ಸಂವೇಗದಲ್ಲಿ ಪ್ರೋಟಾನ್ ಪಯಾನ್‌ಗಿಂತ 3.3 ನ್ಯಾನೊಸೆಕೆಂಡ್ ತಡವಾಗಿ ಬರುತ್ತದೆ, ಸುಲಭವಾಗಿ ಬೇರ್ಪಡುತ್ತದೆ. 12.9 ಜಿಇವಿಯಲ್ಲಿ ಆ ತಡ 0.2 ನ್ಯಾನೊಸೆಕೆಂಡ್‌ಗೆ ಇಳಿಯುವುದರಿಂದ ಗಡಿಯಾರ ಸಾಲದು. ಅಲ್ಲಿ ಚೆರೆಂಕೋವ್ ಅನಿಲ ಕೊಳವೆ ಬೇಕು, ಅನಿಲದಲ್ಲಿ ಬೆಳಕಿಗಿಂತ ವೇಗವಾಗಿ ಸಾಗುವ ಕಣ ಮಾತ್ರ ಅದರಲ್ಲಿ ಬೆಳಗುತ್ತದೆ: ಪಯಾನ್ ಬೆಳಕು ಚೆಲ್ಲುತ್ತದೆ, ಪ್ರೋಟಾನ್ ಚೆಲ್ಲುವುದಿಲ್ಲ. ಗುರಿಗೆ ಬಂದ ಕಣಗಳ ಒಟ್ಟು ಸಂಖ್ಯೆಗೆ, ಏನೂ ಸಿಡಿಯದಿದ್ದರೂ 64ಕ್ಕೊಂದು ಕಣವನ್ನು ದಾಖಲಿಸಿ ಗುಣಿಸಬೇಕು.

ಗುರಿಯಿಂದ ಮುಂದಕ್ಕೆ ಹಾರಿದ ಕಣಗಳನ್ನು ಡ್ರಿಫ್ಟ್ ಚೇಂಬರ್ (ಜಾಡು ಗುರುತಿಸುವ ಅನಿಲ ಪೆಟ್ಟಿಗೆ) ಮತ್ತು ಅವುಗಳ ದಾರಿ ಬಾಗಿಸುವ ದ್ವಿಧ್ರುವ ಅಯಸ್ಕಾಂತ ಅಳೆಯುತ್ತವೆ. ಅಗಲ ಕೋನದಲ್ಲಿ ಹೊರಟವು 0.7 ಟೆಸ್ಲಾ ಸೊಲೆನಾಯ್ಡ್‌ನೊಳಗಿನ (ಸುರುಳಿ ಅಯಸ್ಕಾಂತ) ಟಿಪಿಸಿ ಪಾಲು; ಟಿಪಿಸಿ ಎಂದರೆ ಟೈಮ್ ಪ್ರೊಜೆಕ್ಷನ್ ಚೇಂಬರ್, ಜಾಡನ್ನು ಮೂರು ಆಯಾಮದಲ್ಲಿ ಹಿಡಿಯುವ ಅನಿಲ ತುಂಬಿದ ಕೊಠಡಿ. ಇಲ್ಲಿಯೇ ಹುಷಾರಾಗಿರಬೇಕು. ಕಣ ಹಾದ ದಾರಿಯಲ್ಲಿ ಬಿಡುಗಡೆಯಾದ ಎಲೆಕ್ಟ್ರಾನ್‌ಗಳು ಅನಿಲದಲ್ಲಿ ತೇಲಿ ತುದಿಯ ಪ್ಯಾಡ್‌ಗಳನ್ನು (ಸಿಗ್ನಲ್ ಓದುವ ಪಟ್ಟಿಗಳು) ಮುಟ್ಟುತ್ತವೆ. ಸಿಗ್ನಲ್ ಹಿಗ್ಗಿಸುವಾಗ ಹುಟ್ಟುವ ಧನ ಅಯಾನುಗಳು ಬಲು ನಿಧಾನ. 400 ಮಿಲಿಸೆಕೆಂಡ್ ಸ್ಪಿಲ್ (ವೇಗವರ್ಧಕ ಒಮ್ಮೆಗೆ ಕಣಗಳನ್ನು ಬಿಡುವ ಅವಧಿ) ಸಾಗಿದಂತೆ ಅವು ಚೇಂಬರ್‌ನೊಳಗೆ ಸೋರಿ ಗುಡ್ಡೆಯಾಗಿ, ವಿದ್ಯುತ್ ಕ್ಷೇತ್ರವನ್ನೇ ಬಾಗಿಸುತ್ತವೆ. ಸ್ಪಿಲ್ ಆರಂಭದ ಜಾಡು ಸರಿಯಿದ್ದರೂ ಕೊನೆಯದು ಪಕ್ಕಕ್ಕೆ ಸರಿದು ಸಂವೇಗ ತಪ್ಪಾಗಿ ಕಾಣುತ್ತದೆ. ಹಾಗಾಗಿ ಆರಂಭದ ವಿಶ್ಲೇಷಣೆಗಳು ಸ್ಪಿಲ್‌ನ ಮೊದಲ ಸುಮಾರು ಮೂರನೇ ಒಂದು ಭಾಗವನ್ನಷ್ಟೇ ಬಳಸಿದವು. ಈ ಬಾಗುವಿಕೆಗೆ ತಿದ್ದುಪಡಿ ಸಿದ್ಧವಾದ ಮೇಲೆ ಪೂರ್ತಿ ದತ್ತಾಂಶ ಸೇರಿತು. ತಿದ್ದುಪಡಿಯನ್ನು ಪರೀಕ್ಷಿಸಲು ದ್ರವ ಹೈಡ್ರೋಜನ್ ಗುರಿಗಿಂತ ಒಳ್ಳೆಯ ಒರೆಗಲ್ಲಿಲ್ಲ. ಹೊಸ ಕಣ ಹುಟ್ಟದ ಸ್ಥಿತಿಸ್ಥಾಪಕ ಡಿಕ್ಕಿಯಲ್ಲಿ ಮುಂದೆ ಹೋದ ಕಣದ ಕೋನ ಗೊತ್ತಾದರೆ, ಚಿಮ್ಮಿದ ಪ್ರೋಟಾನಿನ ಕೋನ, ಸಂವೇಗ ಎರಡೂ ಟಿಪಿಸಿಯನ್ನು ಕೇಳದೆಯೇ ಸಿಗುತ್ತವೆ. ಅಳೆದದ್ದು ಅದಕ್ಕೆ ಹೊಂದಬೇಕು.

ಗುರಿ ತೆಗೆದು ಮತ್ತೊಮ್ಮೆ ಅಳೆಯಿರಿ. ಸುತ್ತಲ ಗಾಳಿ, ಸಾಮಗ್ರಿಗಳಿಂದ ಬಂದ ಕಣಗಳನ್ನು ಕಳೆಯದಿದ್ದರೆ ಅವೆಲ್ಲ ಗುರಿಯ ಖಾತೆಗೇ ಬೀಳುತ್ತವೆ.

ಈಗ ಭಾಗಾಕಾರ. 19.8 ಮಿ.ಮೀ. ಅಲ್ಯೂಮಿನಿಯಂನಲ್ಲಿ ಪ್ರತಿ ಚದರ ಸೆಂ.ಮೀ.ಗೆ ಸುಮಾರು 1.2 × 10²³ ನ್ಯೂಕ್ಲಿಯಸ್‌ಗಳಿವೆ. ದಕ್ಷತೆ, ಕ್ಷಯ, ಗುರುತಿನ ತಪ್ಪುಗಳನ್ನು ತಿದ್ದಿದ ಎಣಿಕೆಯನ್ನು ಈ ಸಂಖ್ಯೆಯಿಂದಲೂ ಬಂದ ಕಣಗಳ ಸಂಖ್ಯೆಯಿಂದಲೂ ಭಾಗಿಸಿ, ಸಂವೇಗ ಮತ್ತು ಘನಕೋನದ (ಮೂರು ಆಯಾಮದ ಕೋನ) ಅಂಕಣಗಳಿಗೆ, ಅಂದರೆ ಚಿಕ್ಕ ಚಿಕ್ಕ ವ್ಯಾಪ್ತಿಗಳಿಗೆ, ಹಂಚಿದರೆ ಅಡ್ಡಕೊಯ್ತ ಸಿಗುತ್ತದೆ; ಅಂಥ ಕಣ ಸಿಡಿಯುವ ಸಾಧ್ಯತೆಯ ಅಳತೆ ಅದು. ಬೆರಿಲಿಯಂ ಮೇಲೆ 8.9 ಜಿಇವಿ ಪ್ರೋಟಾನ್ ಬಿಟ್ಟ ಅಳತೆಯಲ್ಲಿ ಒಂದೊಂದು ಅಂಕಣದ ಅನಿಶ್ಚಿತತೆ ಸರಾಸರಿ 10% ಆಸುಪಾಸು, ಎಲ್ಲ ಸೇರಿಸಿದ ಮೊತ್ತದ್ದು 5%. ಅಂಕಣಗಳ ದೋಷಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಸಹವ್ಯತ್ಯಯದ (ಎರಡು ದೋಷಗಳು ಎಷ್ಟರಮಟ್ಟಿಗೆ ಜೊತೆಯಾಗಿ ಬದಲಾಗುತ್ತವೆ ಎಂಬುದರ) ಪಟ್ಟಿಯನ್ನೂ ಜೊತೆಗೇ ಕೊಡಬೇಕು. ಇಲ್ಲದಿದ್ದರೆ ನ್ಯೂಟ್ರಿನೊ ಲೆಕ್ಕದವರು ಈ ಅಂಕಿಗಳನ್ನು ಕೂಡುವಾಗಲೇ ಎಡವುತ್ತಾರೆ.