ತಂಗಿ ಬಂದು ಹೇಳಿಕೊಂಡರೆ ಏನು ಮಾಡಬೇಕು?

ಶಿರಸಿಯ ಹುಡುಗಿಯೊಬ್ಬಳು ಗೆಳೆಯನ ಜೊತೆ ಗೋಕರ್ಣಕ್ಕೆ ಹೋಗಿದ್ದಳು ಅಂದುಕೊಳ್ಳಿ. ಅಲ್ಲಿ ಅವನು ಬಲವಂತ ಮಾಡಿದ. ಮರುದಿನ ಬಂದು ಅಕ್ಕನಿಗೆ ಹೇಳಿದಳು. ‘ನೀನ್ಯಾಕೆ ಹೋದೆ?’ ಅಂತ ದಯವಿಟ್ಟು ಕೇಳಬೇಡಿ. ‘ನಿನ್ನ ಮಾತು ನಂಬ್ತೇನೆ, ನಿನ್ನ ತಪ್ಪಿಲ್ಲ’ ಅನ್ನಿ. ಆ ಹೊತ್ತಿಗೆ ಅಷ್ಟು ಸಾಕು.

ಜೊತೆಗೆ ಹೋದದ್ದು ಒಪ್ಪಿಗೆ ಅಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮಿನ ಪ್ರಕಾರ, ಮಾತಲ್ಲೋ ಸನ್ನೆಯಲ್ಲೋ ಅವಳು ತಾನಾಗಿಯೇ, ಸ್ಪಷ್ಟವಾಗಿ ಒಪ್ಪಿರಬೇಕು. ಒದ್ದಾಡಲಿಲ್ಲ ಅಂದ ಮಾತ್ರಕ್ಕೆ ಒಪ್ಪಿದಳು ಅಂತಾಗುವುದಿಲ್ಲ. ಹೆದರಿಸಿ ಹೇಳಿಸಿದ ಹೂಂ ಕೂಡ ಲೆಕ್ಕಕ್ಕಿಲ್ಲ. 18 ತುಂಬದವರಾದರೆ ಒಪ್ಪಿಗೆಯ ಮಾತೇ ಬರುವುದಿಲ್ಲ. ಅದು ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಕಾಯ್ದೆ) ಪ್ರಕರಣ, ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಜೊತೆಗೆ ಬಾಳುತ್ತಿರುವ ಗಂಡನ ಬಲವಂತವನ್ನು ಮಾತ್ರ ಕಾನೂನು ಇನ್ನೂ ಅತ್ಯಾಚಾರ ಎನ್ನುವುದಿಲ್ಲ. ಇದು ದೊಡ್ಡ ಅನ್ಯಾಯ. ಆದರೂ ಕೌಟುಂಬಿಕ ಹಿಂಸೆ ಕಾಯ್ದೆಯಡಿ ದೂರು ಕೊಡಬಹುದು.

ಮೊದಲು ಆಸ್ಪತ್ರೆಗೆ ಹೋಗಿ. ಎಫ್‌ಐಆರ್ ಆಗಲಿ ಅಂತ ಕಾಯಬೇಡಿ. ಸರ್ಕಾರಿಯೋ ಖಾಸಗಿಯೋ, ಉಚಿತವಾಗಿ ನೋಡಲೇಬೇಕು. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ, ಇದನ್ನು ಅವಳಿಗೆ ಮೊದಲೇ ಹೇಳಿ. ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು. ಗರ್ಭ ತಡೆಯುವ ಮಾತ್ರೆಯೂ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಪರೀಕ್ಷೆಯ ಯಾವ ಭಾಗಕ್ಕೂ ಅವಳು ಬೇಡ ಅನ್ನಬಹುದು. ಗುಪ್ತಾಂಗದೊಳಗೆ ಬೆರಳಿಟ್ಟು ನೋಡುವ ‘ಎರಡು ಬೆರಳಿನ ಪರೀಕ್ಷೆ’ ಮಾಡುವುದು ದುರ್ನಡತೆ ಅಂತ ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ.

ಹಾಕಿದ್ದ ಬಟ್ಟೆ ತೊಳೆಯಬೇಡಿ. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿಡಲೂಬೇಡಿ, ನಮ್ಮ ಮಳೆಗಾಲದಲ್ಲಿ ಒಂದೇ ದಿನಕ್ಕೆ ಬೂಷ್ಟು ಹಿಡಿದು ಸಾಕ್ಷ್ಯ ಹಾಳಾಗುತ್ತದೆ. ಒದ್ದೆಯಿದ್ದರೆ ನೆರಳಲ್ಲಿ ಆರಿಸಿ, ಒಂದೊಂದನ್ನೂ ಬೇರೆ ಬೇರೆ ಕಾಗದದ ಕವರಿನಲ್ಲಿಡಿ. ಸ್ನಾನ ಆಗಿಹೋಗಿದೆಯಾ? ಪರವಾಗಿಲ್ಲ, ಆದರೂ ಹೋಗಿ.

‘ಗೋಕರ್ಣದಲ್ಲಿ ನಡೆದದ್ದು, ಅಲ್ಲಿಗೇ ಹೋಗಿ’ ಅಂತ ಠಾಣೆಯಲ್ಲಿ ಹೇಳಿದರೆ ಒಪ್ಪಬೇಡಿ. ಶಿರಸಿಯಲ್ಲೇ, ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದಾಖಲಿಸುವ ಝೀರೋ ಎಫ್‌ಐಆರ್ ಮಾಡಬೇಕು. ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಎಫ್‌ಐಆರ್‌ನ ಪ್ರತಿ ಉಚಿತ, ಕೇಳಿ ಪಡೆಯಿರಿ. ದೂರು ಬರೆದುಕೊಳ್ಳದ ಅಧಿಕಾರಿಗೆ ಕನಿಷ್ಠ 6 ತಿಂಗಳ ಜೈಲಿದೆ. ದೂರನ್ನು ಕಾರವಾರದ ಎಸ್‌ಪಿಯವರಿಗೆ ಅಂಚೆಯಲ್ಲೂ ಕಳಿಸಬಹುದು.

ಊರ ವಾಟ್ಸಾಪ್ ಗ್ರೂಪಿನಲ್ಲಿ ಅವಳ ಹೆಸರು, ಫೋಟೊ ಓಡಾಡಿದರೆ ಅದೂ ಅಪರಾಧ, 2 ವರ್ಷದವರೆಗೆ ಶಿಕ್ಷೆ. ಸ್ಕ್ರೀನ್‌ಶಾಟ್ ತೆಗೆದು ಪೊಲೀಸರಿಗೆ ಕೊಡಿ.

ತುರ್ತಿಗೆ 112. ಮಹಿಳಾ ಸಹಾಯವಾಣಿ 181, ದೌರ್ಜನ್ಯಕ್ಕೊಳಗಾದ ಹೆಣ್ಣುಮಕ್ಕಳಿಗೆ ಒಂದೇ ಕಡೆ ನೆರವು ಕೊಡುವ ಸಖಿ ಕೇಂದ್ರದ ಬಗ್ಗೆ ಅಲ್ಲೇ ಕೇಳಿ. ಕಾನೂನು ನೆರವಿಗೆ 15100. ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಪರಿಹಾರದ ಅರ್ಜಿಯೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೇ. ಮಧ್ಯಂತರ ಪರಿಹಾರ ಕೇಳಲು ತೀರ್ಪು ಬರುವ ತನಕ ಕಾಯಬೇಕಿಲ್ಲ.