ವರ್ನಿಯರ್ ಕ್ಯಾಲಿಪರ್: ಆಯ್ಕೆ, ಬಳಕೆ ಮತ್ತು ಅದರ ಮಿತಿ

ವಸ್ತುವನ್ನು ಎರಡು ದವಡೆಗಳ ನಡುವೆ ಹಿಡಿದು ಅಳೆಯುವ ಡಿಜಿಟಲ್ ಕ್ಯಾಲಿಪರ್‌ನ ಪರದೆಯಲ್ಲಿ 15.01 ಎಂದು ಮೂಡಿದ ಕೂಡಲೇ ಶಾಫ್ಟ್‌ನ ವ್ಯಾಸ ಅಷ್ಟೇ ಎಂದು ನಂಬಿಬಿಡುವುದು ವರ್ಕ್‌ಶಾಪ್‌ಗಳಲ್ಲಿ ತೀರಾ ಸಾಮಾನ್ಯ. ಆದರೆ ಉಪಕರಣವು ತೋರಿಸಬಲ್ಲ ಅತಿ ಸಣ್ಣ ಅಂಕಿ ಬೇರೆ, ಆ ಅಂಕಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದು ಬೇರೆ. 150 ಮಿ.ಮೀ. ಉದ್ದದ ಒಳ್ಳೆಯ ಡಿಜಿಟಲ್ ಕ್ಯಾಲಿಪರ್ 0.01 ಮಿ.ಮೀ.ವರೆಗೆ ಅಂಕಿ ತೋರಿಸಿದರೂ ತಯಾರಕರು ಸಾಮಾನ್ಯವಾಗಿ ಖಾತರಿ ಕೊಡುವುದು ±0.02 ಮಿ.ಮೀ.ಗೆ ಮಾತ್ರ, ಹಿಡಿಯುವ ಕೈಯ ವ್ಯತ್ಯಾಸವು ಇದಕ್ಕೆ ಸೇರಿಕೊಳ್ಳುತ್ತದೆ. ಆದ್ದರಿಂದ ಯಾವ ಕ್ಯಾಲಿಪರ್ ಕೊಳ್ಳಬೇಕು ಎಂದು ಕೇಳುವ ಮೊದಲು, ನಮ್ಮ ಕೆಲಸದ ಡ್ರಾಯಿಂಗ್ ಎಷ್ಟು ಟಾಲರೆನ್ಸ್ (ಅಳತೆಯಲ್ಲಿ ಒಪ್ಪಬಹುದಾದ ಹೆಚ್ಚು-ಕಡಿಮೆ) ಕೇಳುತ್ತದೆ ಎಂದು ನೋಡಿಕೊಳ್ಳಬೇಕು.

6202 ಬೇರಿಂಗ್ (15 ಮಿ.ಮೀ. ಒಳವ್ಯಾಸದ್ದು) ಕೂರುವ ಶಾಫ್ಟನ್ನೇ ತೆಗೆದುಕೊಳ್ಳೋಣ. ಅದಕ್ಕೆ ಕೆ6 ಫಿಟ್ (ಬೇರಿಂಗ್ ಎಷ್ಟು ಬಿಗಿಯಾಗಿ ಕೂರಬೇಕೆಂದು ಹೇಳುವ ಸಂಕೇತ) ಎಂದು ಬರೆದಿದ್ದರೆ ವ್ಯಾಸವು 15.001ರಿಂದ 15.012 ಮಿ.ಮೀ. ಒಳಗೆ ಇರಬೇಕು, ಅಂದರೆ ಒಟ್ಟು ಅವಕಾಶ 11 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ 0.001 ಮಿ.ಮೀ.). 0.02 ಮಿ.ಮೀ. ಲೀಸ್ಟ್ ಕೌಂಟ್ (ಓದಬಲ್ಲ ಅತಿ ಸಣ್ಣ ಅಳತೆ) ಇರುವ ವರ್ನಿಯರ್‌ನಲ್ಲಿ ಒಂದು ಗೆರೆಯ ಬೆಲೆಯೇ 20 ಮೈಕ್ರಾನ್ ಆಗಿರುವಾಗ ಇಂಥ ಕೆಲಸವನ್ನು ಕ್ಯಾಲಿಪರ್ ತೀರ್ಮಾನಿಸಲಾರದು. ಕೊನೆಯ ಕಟ್‌ಗೆ ಸ್ಕ್ರೂ ತಿರುಗಿಸಿ ಅಳೆಯುವ ಮೈಕ್ರೋಮೀಟರನ್ನೇ ಕೈಗೆತ್ತಿಕೊಳ್ಳಬೇಕು. ±0.1 ಮಿ.ಮೀ. ಟಾಲರೆನ್ಸ್ ಇರುವ ಕೆಲಸಕ್ಕೆ ಕ್ಯಾಲಿಪರ್ ನಿಶ್ಚಿಂತೆಯಿಂದ ಸಾಕಾಗುತ್ತದೆ, ±0.05ಕ್ಕೆ ಎಚ್ಚರದಿಂದ ಬಳಸಬಹುದು, ಅದಕ್ಕಿಂತ ಬಿಗಿಯಾದುದಕ್ಕೆ ಅದನ್ನು ನೆಚ್ಚಬಾರದು ಎಂಬುದು ನನ್ನ ಅಭಿಪ್ರಾಯ.

ಈ ಮಿತಿಗೆ ಕಾರಣ ಕ್ಯಾಲಿಪರ್‌ನ ರಚನೆಯಲ್ಲೇ ಇದೆ. ಅಳೆಯುವ ವಸ್ತು ಇರುವುದು ದವಡೆಗಳ ನಡುವೆ, ಸ್ಕೇಲ್ ಇರುವುದು ಅದಕ್ಕಿಂತ ಮೇಲಿನ ಕಂಬಿಯಲ್ಲಿ. ಅಳತೆಯ ರೇಖೆಯೂ ಸ್ಕೇಲಿನ ರೇಖೆಯೂ ಒಂದೇ ನೇರದಲ್ಲಿ ಇರಬೇಕೆಂದು ಜರ್ಮನಿಯ ಅರ್ನ್ಸ್ಟ್ ಅಬ್ಬೆ 1890ರಲ್ಲಿ ಹೇಳಿದ ನಿಯಮವನ್ನು ಮೈಕ್ರೋಮೀಟರ್ ಪಾಲಿಸುತ್ತದೆ, ಕ್ಯಾಲಿಪರ್ ಪಾಲಿಸುವುದಿಲ್ಲ. ಹೀಗಾಗಿ ಜಾರುವ ದವಡೆ ಒತ್ತಡಕ್ಕೆ ಕೂದಲೆಳೆಯಷ್ಟು ವಾಲಿದರೂ ಅಳತೆ ತಪ್ಪುತ್ತದೆ, ದವಡೆಯ ತುದಿಗೆ ಹೋದಷ್ಟೂ ಆ ತಪ್ಪು ಹೆಚ್ಚುತ್ತದೆ.

ಕ್ಯಾಲಿಪರ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಗೆರೆ ನೋಡಿ ಓದುವ ವರ್ನಿಯರ್‌ಗೆ ಬ್ಯಾಟರಿ ಬೇಡ, ಕೂಲೆಂಟ್‌ನ (ಕತ್ತರಿಸುವಾಗ ಹರಿಸುವ ತಂಪು ದ್ರವದ) ಭಯವಿಲ್ಲ. ಕಣ್ಣಿಗೆ ಮಾತ್ರ ಸ್ವಲ್ಪ ಶ್ರಮ. ಡಯಲ್ ಕ್ಯಾಲಿಪರನ್ನು ಬೇಗ ಓದಬಹುದು, ಆದರೆ ಅದರ ರ‍್ಯಾಕ್‌ನ ಹಲ್ಲುಗಳ ನಡುವೆ ಲೋಹದ ಸಣ್ಣ ಚೂರೊಂದು ಸಿಕ್ಕಿಕೊಂಡರೂ ಮುಳ್ಳು ಹಾರಿ ಬೇರೆಡೆ ನಿಲ್ಲುತ್ತದೆ. ಡಿಜಿಟಲ್‌ನಲ್ಲಿ ಎಲ್ಲಿ ಬೇಕಾದರೂ ಸೊನ್ನೆ ಮಾಡಿಕೊಳ್ಳುವ ಸೌಕರ್ಯವಿದೆ. ಆದರೆ ಸ್ಕೇಲಿನ ಮೇಲೆ ಕೂಲೆಂಟ್ ಹರಡಿದರೆ ಅಗ್ಗದ ಮಾದರಿಗಳು ತಲೆಬುಡವಿಲ್ಲದ ಅಂಕಿ ತೋರಿಸುತ್ತವೆ. ಲೇತ್‌ನ ಪಕ್ಕದಲ್ಲೇ ಇಡುವುದಾದರೆ ದೂಳು, ನೀರು ಒಳಹೋಗದ ಐಪಿ67 ದರ್ಜೆಯದನ್ನು ಕೊಳ್ಳಬೇಕು. ಕಡಿಮೆ ಹಣದಲ್ಲಿ ಒಂದನ್ನೇ ಕೊಳ್ಳಬೇಕಾದಾಗ ಅಗ್ಗದ ಡಿಜಿಟಲ್‌ಗಿಂತ ಅದೇ ಬೆಲೆಯ ಒಳ್ಳೆಯ ವರ್ನಿಯರ್ ಮೇಲು. ಕಲಿಯುತ್ತಿರುವ ಐಟಿಐ ವಿದ್ಯಾರ್ಥಿಗಳಿಗಂತೂ ಇದು ಇನ್ನಷ್ಟು ನಿಜ, ಏಕೆಂದರೆ ಗೆರೆ ಓದಲು ಬಂದವರಿಗೆ ಪರದೆ ಓದುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಉದ್ದದ ವಿಷಯದಲ್ಲಿ 150 ಮಿ.ಮೀ. ಸಾಮಾನ್ಯ ಆಯ್ಕೆಯಾಗಿದ್ದರೂ ದವಡೆಯ ಆಳವನ್ನು ಹಲವರು ಗಮನಿಸುವುದಿಲ್ಲ. ಈ ಅಳತೆಯ ಕ್ಯಾಲಿಪರ್‌ನ ದವಡೆ ಸುಮಾರು 40 ಮಿ.ಮೀ. ಆಳವಿರುವುದರಿಂದ 80 ಮಿ.ಮೀ.ಗಿಂತ ದಪ್ಪದ ಸರಳಿನ ನಡುಭಾಗವನ್ನು ಪಕ್ಕದಿಂದ ಹಿಡಿದರೆ ದವಡೆ ವ್ಯಾಸದ ರೇಖೆಗೆ ತಲುಪುವುದೇ ಇಲ್ಲ. ಇಂಥ ಜಾಬ್‌ಗಳು (ಕೆಲಸದ ತುಂಡುಗಳು) ಹೆಚ್ಚಾಗಿ ಬರುವುದಾದರೆ 200 ಅಥವಾ 300 ಮಿ.ಮೀ. ಬೇಕಾಗುತ್ತದೆ.

ಅಂಗಡಿಯಲ್ಲಿ ಹಣ ಕೊಡುವ ಮುನ್ನ ದವಡೆಗಳನ್ನು ಒರೆಸಿ, ಮುಚ್ಚಿ, ಬೆಳಕಿಗೆ ಹಿಡಿದು ನೋಡಬೇಕು. ಕೆಲವೇ ಮೈಕ್ರಾನ್ ಸಂದಿಯಿದ್ದರೂ ಬೆಳಕು ನುಸುಳುತ್ತದೆ. ತುದಿಯಲ್ಲಿ ಮಾತ್ರ ಬೆಳಕು ಕಂಡರೆ ದವಡೆ ವಾಲಿದೆ ಎಂದು ತಿಳಿಯಬೇಕು. ಕಂಬಿಯ ಉದ್ದಕ್ಕೂ ಜಾರಿಸಿದಾಗ ಎಲ್ಲಿಯೂ ಬಿಗಿಯಾಗಲೀ ಸಡಿಲವಾಗಲೀ ಅನ್ನಿಸಬಾರದು. ಸ್ಲಿಪ್ ಗೇಜ್ (ನಿಖರ ಅಳತೆಯ ತುಂಡುಗಳು) ಇರುವವರು ಮೂರು-ನಾಲ್ಕು ಅಳತೆಗಳಲ್ಲಿ ಪರೀಕ್ಷಿಸಿಕೊಳ್ಳಬೇಕು. ಇಲ್ಲದವರಿಗೆ ಹೆಸರಾಂತ ತಯಾರಕರ ಹೊಸ ಬೇರಿಂಗ್ ಒಳ್ಳೆಯ ಬದಲಿ: ಸಾಮಾನ್ಯ ದರ್ಜೆಯ 6202ರ ಹೊರವ್ಯಾಸ 35 ಮಿ.ಮೀ.ಗಿಂತ ಹೆಚ್ಚೆಂದರೆ 11 ಮೈಕ್ರಾನ್, ಒಳವ್ಯಾಸ 15ಕ್ಕಿಂತ ಹೆಚ್ಚೆಂದರೆ 8 ಮೈಕ್ರಾನ್ ಕಡಿಮೆ ಇರಬಹುದು. ಅದರ ಅಗಲವನ್ನು ಮಾತ್ರ ಪ್ರಮಾಣವೆಂದು ಹಿಡಿಯಬಾರದು, ಅದಕ್ಕೆ 0.12 ಮಿ.ಮೀ.ವರೆಗೆ ಕಡಿಮೆಯಾಗುವ ಅವಕಾಶವಿದೆ.

ವರ್ನಿಯರ್ ಓದುವ ಕ್ರಮ ಸರಳ. 0.02ರ ವರ್ನಿಯರ್‌ನಲ್ಲಿ ಮುಖ್ಯ ಸ್ಕೇಲಿನ 49 ಮಿ.ಮೀ. ಉದ್ದವನ್ನು ಜಾರುವ ಸ್ಕೇಲಿನಲ್ಲಿ 50 ಭಾಗ ಮಾಡಿರುತ್ತಾರೆ. ವರ್ನಿಯರ್‌ನ ಸೊನ್ನೆ 24 ಮಿ.ಮೀ. ದಾಟಿದ್ದು, 17ನೆಯ ಗೆರೆ ಮುಖ್ಯ ಸ್ಕೇಲಿನ ಯಾವುದಾದರೊಂದು ಗೆರೆಗೆ ನೇರವಾಗಿ ಕೂಡಿದ್ದರೆ ಅಳತೆ 24 + 0.34, ಅಂದರೆ 24.34 ಮಿ.ಮೀ. ಮುಚ್ಚಿದಾಗಲೇ 0.04 ತೋರಿಸುವ ಕ್ಯಾಲಿಪರ್ ಆಗಿದ್ದರೆ ಅದನ್ನು ಕಳೆದು 24.30 ಎಂದು ಬರೆದುಕೊಳ್ಳಬೇಕು. ಗೆರೆಯ ನೇರಕ್ಕೆ ಕಣ್ಣಿಡದೆ ಓರೆಯಾಗಿ ನೋಡಿದರೆ ಒಂದೆರಡು ಗೆರೆ ಆಚೀಚೆ ಆಗಿಬಿಡುತ್ತದೆ.

ಅಳೆಯುವ ಮುನ್ನ ಜಾಬನ್ನು ಒರೆಸಿ, ಅಂಚಿನ ಬರ್ (ಎದ್ದು ನಿಂತ ಚೂಪು ಚೂರು) ತೆಗೆಯುವುದು ಕಡ್ಡಾಯ. ತಿರುಗುತ್ತಿರುವ ಜಾಬ್‌ಗೆ ಕ್ಯಾಲಿಪರ್ ಹಿಡಿಯಲೇಬಾರದು. ದವಡೆ ಸವೆಯುವುದು ಸಣ್ಣ ನಷ್ಟ, ಕ್ಯಾಲಿಪರನ್ನೋ ಕೈಯನ್ನೋ ಚಕ್ (ಜಾಬನ್ನು ಹಿಡಿದು ತಿರುಗಿಸುವ ಭಾಗ) ಎಳೆದುಕೊಳ್ಳುವುದು ದೊಡ್ಡ ಅಪಾಯ. ಜಾಬನ್ನು ಆದಷ್ಟು ಕಂಬಿಯ ಹತ್ತಿರ, ದವಡೆಯ ಬುಡದಲ್ಲಿ ಹಿಡಿಯಬೇಕು. ಚೂಪಾದ ತುದಿಗಳು ಇರುವುದು ಕಿರಿದಾದ ಗ್ರೂವ್‌ಗಳಿಗೆ. ಹೆಬ್ಬೆರಳಿನಿಂದ ಹಗುರವಾಗಿ ದೂಡಿ, ದವಡೆಗಳು ಮೈಗೆ ಸಮನಾಗಿ ಕೂರುವವರೆಗೆ ಸ್ವಲ್ಪ ಅಲುಗಾಡಿಸಬೇಕು. ಒತ್ತಿದಷ್ಟೂ ಅಂಕಿ ಇಳಿಯುತ್ತಾ ಹೋಗುವುದರಿಂದ, ಬೇರಿಂಗನ್ನು ಅಳೆದಾಗ ಸರಿಯಾದ ಅಂಕಿ ಕೊಟ್ಟ ಒತ್ತಡವೇ ಪ್ರತಿ ಬಾರಿಯೂ ಕೈಗೆ ಬರುವಂತೆ ಅಭ್ಯಾಸ ಮಾಡಿಕೊಳ್ಳಬೇಕು.

ಬೋರ್ (ದುಂಡು ರಂಧ್ರ) ಅಳೆಯುವಾಗ ಒಳದವಡೆಗಳನ್ನು ಅಡ್ಡಕ್ಕೆ ಆಡಿಸಿ ಸಿಗುವ ಅತಿ ದೊಡ್ಡ ಅಂಕಿಯನ್ನು, ಚಪ್ಪಟೆ ಗ್ರೂವ್ ಅಳೆಯುವಾಗ ಅತಿ ಸಣ್ಣ ಅಂಕಿಯನ್ನು ತೆಗೆದುಕೊಳ್ಳಬೇಕು. 5 ಮಿ.ಮೀ.ಗಿಂತ ಚಿಕ್ಕ ರಂಧ್ರಗಳಲ್ಲಿ ಒಳದವಡೆಯ ಅಂಚಿನ ದಪ್ಪದಿಂದಾಗಿ ಅಳತೆ ನಿಜಕ್ಕಿಂತ ಕಡಿಮೆ ಬರುತ್ತದೆ; ಅಲ್ಲಿ ಪಿನ್ ಗೇಜ್ (ನಿಖರ ವ್ಯಾಸದ ಸಣ್ಣ ಸರಳು) ಹಾಕಿ ನೋಡುವುದೇ ಸರಿ. ಆಳ ಅಳೆಯುವ ಕಡ್ಡಿಗೆ ಆಧಾರ ಕಿರಿದಾಗಿರುವುದರಿಂದ ಅದು ಸುಲಭವಾಗಿ ಓರೆಯಾಗುತ್ತದೆ. ಮೆಟ್ಟಿಲಿನಂಥ ಜಾಬ್‌ಗಳಲ್ಲಿ ಕಡ್ಡಿಯ ಬದಲು ದವಡೆಗಳ ತಲೆಯ ಕಡೆಯ ಸಮತಟ್ಟು ಮುಖಗಳನ್ನು ಬಳಸಿದರೆ ಹೆಚ್ಚು ನಂಬಲರ್ಹ ಅಂಕಿ ಸಿಗುತ್ತದೆ.

ಆಗಷ್ಟೇ ಟರ್ನ್ ಮಾಡಿದ ಬಿಸಿ ಜಾಬನ್ನು ಅಳೆಯುವ ಆತುರ ಬೇಡ. ಅಳತೆಗಳಿಗೆ ಅಂತರರಾಷ್ಟ್ರೀಯವಾಗಿ ಒಪ್ಪಿದ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. 100 ಮಿ.ಮೀ. ವ್ಯಾಸದ ಅಲ್ಯೂಮಿನಿಯಂ ಜಾಬ್ 30 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ ಸುಮಾರು 0.07 ಮಿ.ಮೀ. ಹಿಗ್ಗಿರುತ್ತದೆ, ಆಗ ಸರಿಯಿದೆ ಎಂದು ಇಳಿಸಿದ ಜಾಬ್ ತಣ್ಣಗಾದ ಮೇಲೆ ಚಿಕ್ಕದಾಗುತ್ತದೆ.

ಡಿಜಿಟಲ್ ಇರುವವರಿಗೆ ಒಂದು ಉಪಾಯ. ಒಂದೇ ವ್ಯಾಸದ ಎರಡು ರಂಧ್ರಗಳ ಕೇಂದ್ರದ ಅಂತರ ಬೇಕಾದಾಗ, ಮೊದಲು ಒಂದು ರಂಧ್ರದ ವ್ಯಾಸವನ್ನು ಒಳದವಡೆಯಿಂದ ಹಿಡಿದು ಅಲ್ಲೇ ಸೊನ್ನೆ ಮಾಡಬೇಕು; ಬಳಿಕ ಎರಡೂ ರಂಧ್ರಗಳ ದೂರದ ಅಂಚುಗಳನ್ನು ಒಳದವಡೆಯಿಂದಲೇ ಹಿಡಿದರೆ ಪರದೆಯಲ್ಲಿ ಕಾಣುವುದು ಕೇಂದ್ರದ ಅಂತರವೇ. ಕೆಲಸ ಮುಗಿದ ಮೇಲೆ ದವಡೆ ಮುಚ್ಚಿ ಮತ್ತೆ ಸೊನ್ನೆ ಮಾಡುವುದನ್ನು ಮರೆತರೆ ಮುಂದಿನ ಅಳತೆಯೆಲ್ಲ ತಪ್ಪಾಗುತ್ತದೆ.

ದವಡೆಯ ತುದಿಯಿಂದ ಜಾಬಿನ ಮೇಲೆ ಗೀಟು ಹಾಕುವ ಅಭ್ಯಾಸ ಎಷ್ಟೇ ವ್ಯಾಪಕವಾಗಿದ್ದರೂ ಕೆಟ್ಟದ್ದು. ಗೀಟಿಗೆ ಹೈಟ್ ಗೇಜ್ ಅಥವಾ ಸ್ಕ್ರೈಬರ್ ಇದೆ. ಮ್ಯಾಗ್ನೆಟಿಕ್ ಚಕ್‌ನ ಮೇಲೆ ಕ್ಯಾಲಿಪರ್ ಇಟ್ಟರೆ ಅದು ಕಾಂತತ್ವ ಹೊಂದಿ ಸಣ್ಣ ಚೂರುಗಳನ್ನು ಎಳೆದುಕೊಳ್ಳುತ್ತದೆ. ದಿನದ ಕೊನೆಗೆ ಒರೆಸಿ, ತೆಳುವಾಗಿ ಎಣ್ಣೆ ಸವರಿ, ಲಾಕ್ ಸ್ಕ್ರೂ ಸಡಿಲಿಸಿ, ದವಡೆಗಳ ನಡುವೆ ತುಸು ಸಂದಿ ಬಿಟ್ಟು ಪೆಟ್ಟಿಗೆಯಲ್ಲಿಡಬೇಕು. ಕೈಜಾರಿ ಬಿದ್ದ ಕ್ಯಾಲಿಪರನ್ನು ಬೆಳಕಿನ ಪರೀಕ್ಷೆ ಮತ್ತು ಬೇರಿಂಗ್ ಪರೀಕ್ಷೆ ಎರಡನ್ನೂ ಮಾಡದೆ ಮತ್ತೆ ಬಳಸಬಾರದು. ಅವುಗಳಲ್ಲಿ ಸೋತದ್ದನ್ನು ಕಚ್ಚಾ ಸರಳು ಕತ್ತರಿಸುವ ಕಡೆಗೆ ಗುರುತು ಹಾಕಿ ಕಳುಹಿಸಬಹುದು.