ಕಿವಿ ಮಷೀನು ಬೀರು ಸೇರದಂತೆ ನೋಡಿಕೊಳ್ಳುವುದು ಹೇಗೆ?

ಹಿಯರಿಂಗ್ ಏಡ್ ತಂದ ಮನೆಗಳಲ್ಲಿ ಈ ಮಾತು ಮಾಮೂಲು: “ಅಷ್ಟು ದುಡ್ಡು ಕೊಟ್ಟು ತಂದೆವು, ಅಪ್ಪ ಹಾಕಿಕೊಳ್ಳೋದೇ ಇಲ್ಲ.” ಅಪ್ಪನನ್ನು ಕೇಳಿದರೆ, “ಬರೀ ಗುಂಯ್ ಅನ್ನುತ್ತೆ, ಬೇಡ ಬಿಡು” ಅಂತಾರೆ. ಹೋಗಿ ನೋಡಿದರೆ ಕಿವಿಯೊಳಗೆ ಕೂರುವ ಅಚ್ಚು ಸರಿಯಾಗಿ ಕೂತಿರುವುದಿಲ್ಲ, ಕೊಳವೆಯ ಬಾಯಿಗೆ ಗುಗ್ಗೆ ಕಟ್ಟಿರುತ್ತದೆ, ಸೆಲ್ಲು ಮುಗಿದಿರುತ್ತದೆ, ಇಲ್ಲಾಂದ್ರೆ ತಂದ ಮಾರನೇ ದಿನವೇ ಹಾಕಿಸಿ ಮದುವೆ ಮನೆಗೆ ಕರೆದುಕೊಂಡು ಹೋಗಿರುತ್ತಾರೆ. ಇವೆಲ್ಲ ಮನೆಯಲ್ಲೇ ಸರಿಮಾಡಬಹುದಾದ ವಿಷಯ. ಆದರೆ ಕಲಿಯಬೇಕಾದವರು ಹಾಕಿಕೊಳ್ಳುವವರು ಮಾತ್ರ ಅಲ್ಲ, ಮನೆಯಲ್ಲಿ ಕಣ್ಣು ಚೆನ್ನಾಗಿ ಕಾಣುವ, ಕೈ ನಡುಗದ ಇನ್ನೊಬ್ಬರೂ ಕಲಿಯಬೇಕು.

ನಾನು ಇಲ್ಲಿ ಹೇಳುತ್ತಿರುವುದು ಕಿವಿಯ ಹಿಂದೆ ಕೂರುವ ಮಷೀನಿನ ಬಗ್ಗೆ. ಮೈಕು, ಸದ್ದು ಹೆಚ್ಚಿಸುವ ಭಾಗ, ಸ್ಪೀಕರು, ಸೆಲ್ಲು ಎಲ್ಲ ಹಿಂದಿನ ಆ ಬಾಗಿದ ಡಬ್ಬಿಯೊಳಗೇ ಇರುತ್ತವೆ. ಅಲ್ಲಿಂದ ಕಿವಿಯ ಮೇಲೆ ಬಳಸಿ ಬರುವ ಒಂದು ಕೊಕ್ಕೆ, ಅದಕ್ಕೊಂದು ಪಾರದರ್ಶಕ ಕೊಳವೆ, ಕೊನೆಗೆ ನಿಮ್ಮ ಕಿವಿಯ ಅಳತೆ ತೆಗೆದು ಮಾಡಿದ ಅಚ್ಚು. ಕೆಲವು ಹೊಸ ಮಾದರಿಗಳಲ್ಲಿ ಸ್ಪೀಕರು ಕಿವಿಯೊಳಗೇ ಹೋಗುತ್ತದೆ, ಕೊಳವೆಯ ಬದಲು ತೆಳ್ಳಗಿನ ತಂತಿ, ಅಚ್ಚಿನ ಬದಲು ಮೆತ್ತನೆಯ ರಬ್ಬರ್ ಟೋಪಿ. ನಿಮ್ಮದು ಯಾವುದು ಅಂತ ಮೊದಲೇ ತಿಳಿದುಕೊಳ್ಳಿ. ತೊಳೆಯುವ ವಿಷಯಕ್ಕೆ ಬಂದಾಗ ಇದು ಬಹಳ ಮುಖ್ಯ.

ಹಾಕುವುದು

ಎರಡು ಕಿವಿಗೂ ಇದ್ದರೆ ಗುರುತು ನೋಡಿ. ಕೆಂಪು ಬಲಕ್ಕೆ, ನೀಲಿ ಎಡಕ್ಕೆ. ಅಚ್ಚು ಅದಲುಬದಲಾದರೆ ಕೂರುವುದೇ ಇಲ್ಲ, ಒತ್ತಿ ಕೂರಿಸಿದರೆ ಕಿವಿ ಹುಣ್ಣಾಗುತ್ತದೆ.

ಹಾಕುವಾಗ ಮಷೀನು ಆಫ್ ಇರಲಿ, ಇಲ್ಲದಿದ್ದರೆ ಕೈ ಹತ್ತಿರ ಬಂದ ಕೂಡಲೇ ಕುಯ್ ಎಂದು ಕೂಗಲು ಶುರುಮಾಡುತ್ತದೆ. ಅಚ್ಚಿನ ಮಾದರಿಯಾದರೆ ಮೊದಲು ಅಚ್ಚು, ಆಮೇಲೆ ಡಬ್ಬಿ. ಇನ್ನೊಂದು ಕೈಯಿಂದ ಕಿವಿಯನ್ನು ಸ್ವಲ್ಪ ಮೇಲಕ್ಕೆ, ಹಿಂದಕ್ಕೆ ಎಳೆದು ಹಿಡಿಯಿರಿ. ಹಾಗೆ ಮಾಡಿದರೆ ಕಿವಿಯ ದಾರಿ ನೇರವಾಗುತ್ತದೆ. ಅಚ್ಚಿನ ತುದಿಯನ್ನು ಒಳಗೆ ಇಟ್ಟು ಮೆಲ್ಲಗೆ ತಿರುಗಿಸುತ್ತಾ ಒತ್ತಿ. ಅಚ್ಚಿನ ಮೇಲ್ಭಾಗದ ಚೂಪು ಕಿವಿಯ ಮೇಲಿನ ಮಡಿಕೆಯೊಳಗೆ ಸಿಕ್ಕಿಕೊಂಡಿದೆಯಾ ಅಂತ ಬೆರಳಿನಿಂದ ಮುಟ್ಟಿ ನೋಡಿ. ಬಹಳ ಜನ ಬಿಡುವುದು ಇದನ್ನೇ, ಆ ಚೂಪು ಹೊರಗೆ ಉಳಿದರೆ ಅಚ್ಚು ಪೂರ್ತಿ ಕೂತ ಹಾಗೆ ಕಂಡರೂ ಗಾಳಿಗೆ ಸಂದು ಇರುತ್ತದೆ, ಸಂಜೆವರೆಗೂ ಮಷೀನು ಕೂಗುತ್ತಲೇ ಇರುತ್ತದೆ. ಕೂತ ಮೇಲೆ ಡಬ್ಬಿಯನ್ನು ಕಿವಿಯ ಹಿಂದಕ್ಕೆ ತನ್ನಿ, ಕೊಳವೆ ತಿರುಚಿಕೊಂಡಿಲ್ಲ ಅಂತ ನೋಡಿ, ಆನ್ ಮಾಡಿ. ರಬ್ಬರ್ ಟೋಪಿಯದಾದರೆ ತಿರುವು ಮುರುವು: ಮೊದಲು ಡಬ್ಬಿಯನ್ನು ಕಿವಿಗೆ ತೂಗುಹಾಕಿ, ಆಮೇಲೆ ಟೋಪಿ ಒಳಗೆ.

ತೆಗೆಯುವಾಗ ಕೊಳವೆ ಹಿಡಿದು ಎಳೆಯಬೇಡಿ. ಅಚ್ಚನ್ನೇ ಹಿಡಿದು ತಿರುಗಿಸಿ ತೆಗೆಯಿರಿ. ಕನ್ನಡಕ, ಮಾಸ್ಕು ತೆಗೆಯುವಾಗ ಕಿವಿ ಕಡೆ ಗಮನ ಇರಲಿ. ಬಸ್ಸಿನಲ್ಲಿ ಮಾಸ್ಕಿನ ದಾರದ ಜೊತೆ ಮಷೀನೂ ಹಾರಿಹೋದರೆ ಮತ್ತೆ ಸಿಗುವುದು ಕಷ್ಟ.

ಸೆಲ್ಲಿನ ಲೆಕ್ಕ

ಚಾರ್ಜ್ ಮಾಡುವ ಮಾದರಿಯಾದರೆ ರಾತ್ರಿ ಅದರ ಡಬ್ಬಿಯಲ್ಲಿ ಇಡಿ, ಅಷ್ಟೆ. ಸೆಲ್ಲು ಹಾಕುವ ಮಷೀನಿಗೆ ಮಾತ್ರ ಸ್ವಲ್ಪ ಹೇಳುವುದಿದೆ.

ಇವು ಜಿಂಕ್ ಏರ್ ಸೆಲ್ಲುಗಳು, ಅಂದರೆ ಗಾಳಿ ತಾಕಿದ ಮೇಲೆ ಕೆಲಸ ಶುರುಮಾಡುವಂಥವು. ಮೇಲಿರುವ ಸ್ಟಿಕರ್ ಕಿತ್ತರೆ ಸಣ್ಣ ತೂತುಗಳು ಕಾಣುತ್ತವೆ. ಕಿತ್ತ ಕೂಡಲೇ ಒಳಗೆ ತುರುಕಬೇಡಿ. ಒಂದೆರಡು ನಿಮಿಷ, ಐದು ನಿಮಿಷ ಆದರೂ ಪರವಾಗಿಲ್ಲ, ಹಾಗೇ ಬಿಡಿ. ಗಾಳಿ ಒಳಗೆ ಹೋಗಿ ಪೂರ್ತಿ ಶಕ್ತಿ ಬರುತ್ತದೆ. ಒಮ್ಮೆ ಕಿತ್ತ ಮೇಲೆ ಮತ್ತೆ ಸ್ಟಿಕರ್ ಅಂಟಿಸಿ ಉಳಿಸುತ್ತೇನೆ ಅನ್ನುವುದು ಸುಮ್ನೆ, ಸೆಲ್ಲು ಆಗಲೇ ಸವೆಯಲು ಶುರುವಾಗಿರುತ್ತದೆ. ಫ್ರಿಜ್ಜಿನಲ್ಲಿ ಇಡುವುದೂ ಬೇಡ, ಹೊರಗೆ ತೆಗೆದಾಗ ಬೆವರುತ್ತದೆ.

ಅಳತೆಯನ್ನು ಸ್ಟಿಕರಿನ ಬಣ್ಣ ಹೇಳುತ್ತದೆ: 10 ಹಳದಿ, 312 ಕಂದು, 13 ಕಿತ್ತಳೆ, 675 ನೀಲಿ. ಈ ನೀಲಿಗೂ ಎಡಗಿವಿಯ ನೀಲಿಗೂ ಸಂಬಂಧ ಇಲ್ಲ, ಅಜ್ಜಿಗೆ ಗೊಂದಲವಾಗುವುದು ಇಲ್ಲೇ. ಎಷ್ಟು ದಿನ ಬರುತ್ತದೆ ಅನ್ನುವುದು ಅಳತೆ, ಮಷೀನಿನ ಪವರು, ದಿನಕ್ಕೆ ಎಷ್ಟು ಗಂಟೆ ಹಾಕುತ್ತೀರಿ ಅನ್ನುವುದರ ಮೇಲಿದೆ. 13ರದು ಸಾಮಾನ್ಯವಾಗಿ ಒಂದರಿಂದ ಎರಡು ವಾರ. ಹೊಸ ಸೆಲ್ಲು ಹಾಕಿದ ದಿನ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿ. ಎರಡು ಮೂರು ಸಲ ಹಾಕಿದರೆ ನಿಮ್ಮ ಮನೆಯ ಲೆಕ್ಕ ನಿಮಗೇ ಗೊತ್ತಾಗುತ್ತದೆ, ಇದ್ದಕ್ಕಿದ್ದಂತೆ ಎರಡು ದಿನಕ್ಕೇ ಮುಗಿಯತೊಡಗಿದರೆ ಏನೋ ತೊಂದರೆ ಅಂತಲೂ ತಿಳಿಯುತ್ತದೆ.

ಸೆಲ್ಲಿನ ಬಾಗಿಲು ಮುಚ್ಚಲಿಲ್ಲ ಅಂದರೆ ಒತ್ತಬೇಡಿ, ಸೆಲ್ಲು ತಲೆಕೆಳಗಾಗಿರುತ್ತದೆ. ರಾತ್ರಿ ಬಾಗಿಲು ತೆರೆದೇ ಇಡಿ, ಸೆಲ್ಲು ಸುಮ್ಮನೆ ಖರ್ಚಾಗುವುದಿಲ್ಲ, ಒಳಗಿನ ತೇವವೂ ಆರುತ್ತದೆ.

ಇನ್ನೊಂದು ವಿಷಯ, ಇದು ತಮಾಷೆಯಲ್ಲ. ಸೆಲ್ಲನ್ನು ಮಾತ್ರೆ ಡಬ್ಬಿಯ ಪಕ್ಕ ಇಡಬೇಡಿ. ವಯಸ್ಸಾದವರು ಮಾತ್ರೆ ಅಂದುಕೊಂಡು ನುಂಗಿದ್ದುಂಟು, ಮಕ್ಕಳ ಬಗ್ಗೆ ಹೇಳುವುದೇ ಬೇಡ. ಯಾರಾದರೂ ನುಂಗಿದರೆ ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಹೊರಡಿ.

ಕೂಗುತ್ತೆ, ಇಲ್ಲಾ ಕೇಳಿಸೋದೇ ಇಲ್ಲ

ಹೊರಗೆ ಬಂದ ಸದ್ದು ಮತ್ತೆ ಮೈಕಿಗೆ ಹೋದಾಗ ಕುಯ್ ಅನ್ನುತ್ತದೆ. ಕೈಯಲ್ಲಿ ಮುಚ್ಚಿ ಹಿಡಿದಾಗ ಕೂಗಿದರೆ ಸಂತೋಷಪಡಿ, ಮಷೀನು ಬದುಕಿದೆ ಅಂತ ಅರ್ಥ. ಕಿವಿಯಲ್ಲಿದ್ದಾಗ ಕೂಗಿದರೆ ಅಚ್ಚನ್ನು ಇನ್ನೊಮ್ಮೆ ಸರಿಯಾಗಿ ಕೂರಿಸಿ. ಆಗಲೂ ನಿಲ್ಲದಿದ್ದರೆ ತೆಗೆದು, ಆನ್ ಇರುವಾಗಲೇ ಅಚ್ಚಿನ ತೂತನ್ನು ಬೆರಳಿನಿಂದ ಗಟ್ಟಿಯಾಗಿ ಮುಚ್ಚಿ. ಕೂಗು ನಿಂತಿತಾ? ಹಾಗಾದರೆ ಮಷೀನು ಸರಿ ಇದೆ. ಅಚ್ಚು ಸಡಿಲವಾಗಿದೆ, ಇಲ್ಲಾ ಕಿವಿಯಲ್ಲಿ ಗುಗ್ಗೆ ತುಂಬಿದೆ. ನಿಲ್ಲಲಿಲ್ಲವಾ? ಕೊಳವೆ ಎಲ್ಲೋ ಸೀಳಿದೆ ಅಥವಾ ಕೊಕ್ಕೆಯ ಹತ್ತಿರ ಸಡಿಲವಾಗಿದೆ. ಈ ಒಂದು ಪರೀಕ್ಷೆ ಗೊತ್ತಿದ್ದರೆ ಸುಮ್ನೆ ಅಂಗಡಿಗೆ ಓಡಾಡುವುದು ಎಷ್ಟೋ ತಪ್ಪುತ್ತದೆ. ಸಣ್ಣ ಮಕ್ಕಳಿಗಂತೂ ಕಿವಿ ಬೆಳೆಯುತ್ತಲೇ ಇರುವುದರಿಂದ ಅಚ್ಚು ಆಗಾಗ ಹೊಸದು ಮಾಡಿಸಲೇಬೇಕು.

ಏನೂ ಕೇಳಿಸುತ್ತಿಲ್ಲವಾದರೆ ಮೊದಲು ಸ್ವಿಚ್ಚು ನೋಡಿ. ಹಳೇ ಮಾದರಿಗಳಲ್ಲಿ ಎಂ, ಟಿ, ಓ ಅಂತ ಇರುತ್ತದೆ. ಎಂ ಅಂದರೆ ಮೈಕು, ಅಲ್ಲೇ ಇರಬೇಕು. ಟಿ ಫೋನಿಗೆ, ಓ ಅಂದರೆ ಆಫ್. ಟಿ ಮೇಲೆ ಹೋಗಿದ್ದರೆ ಎದುರಿಗಿರುವವರ ಮಾತು ಕೇಳಿಸುವುದಿಲ್ಲ, ಬರೀ ಗುಂಯ್. ಆಮೇಲೆ ಸೆಲ್ಲು. ಆಮೇಲೆ ಅಚ್ಚಿನ ತೂತು. ಆಮೇಲೆ ಕೊಳವೆಯೊಳಗೆ ನೀರಿನ ಹನಿ. ಚಳಿಗಾಲದಲ್ಲೂ ಎ.ಸಿ. ರೂಮಿನಲ್ಲೂ ಇದು ಜಾಸ್ತಿ, ಕಿವಿಯ ಬಿಸಿ ಗಾಳಿ ಕೊಳವೆಯಲ್ಲಿ ತಣಿದು ಹನಿಯಾಗುತ್ತದೆ. ಕೊಕ್ಕೆಯಿಂದ ಕೊಳವೆ ಬಿಡಿಸಿ, ಇದಕ್ಕೆಂದೇ ಸಿಗುವ ಪುಟ್ಟ ರಬ್ಬರ್ ಬುರುಡೆಯಿಂದ ಗಾಳಿ ಊದಿ. ಬಾಯಿಂದ ಊದಿದರೆ ಇನ್ನಷ್ಟು ತೇವ ಕೊಟ್ಟ ಹಾಗೆ.

ಒರೆಸುವುದು, ತೊಳೆಯುವುದು, ಒಣಗಿಸುವುದು

ದಿನಾ ರಾತ್ರಿ ತೆಗೆದ ಮೇಲೆ ಒಣ ಮೆತ್ತನೆ ಬಟ್ಟೆಯಿಂದ ಒರೆಸಿ. ಅಚ್ಚಿನ ತೂತನ್ನು ಕೆಳಮುಖ ಹಿಡಿದು ಸಣ್ಣ ಬ್ರಷ್ಷಿನಿಂದ ಉಜ್ಜಿ, ಗುಗ್ಗೆ ಕೆಳಗೆ ಬೀಳಲಿ, ಒಳಗೆ ಹೋಗದಿರಲಿ. ಸ್ಯಾನಿಟೈಸರ್, ಸ್ಪಿರಿಟ್ ಯಾವುದೂ ಬೇಡ.

ವಾರಕ್ಕೊಮ್ಮೆ ಅಚ್ಚು ತೊಳೆಯಬಹುದು. ಅಚ್ಚು ಮತ್ತು ಕೊಳವೆಯನ್ನು ಮಾತ್ರ. ಕೊಳವೆಯನ್ನು ಕೊಕ್ಕೆಯಿಂದ ಬಿಡಿಸಿ, ಅಚ್ಚಿನಿಂದ ಕೀಳಬೇಡಿ. ಉಗುರು ಬೆಚ್ಚಗಿನ ನೀರು, ಸ್ವಲ್ಪ ಸೋಪು, ತೊಳೆದು ಒರೆಸಿ ರಾತ್ರಿಯಿಡೀ ಒಣಗಲು ಬಿಡಿ. ಬೆಳಿಗ್ಗೆ ಬುರುಡೆಯಿಂದ ಊದಿ, ಹನಿ ಇಲ್ಲ ಅಂತ ಖಾತ್ರಿಯಾದ ಮೇಲೆಯೇ ಜೋಡಿಸಿ. ತಂತಿ, ರಬ್ಬರ್ ಟೋಪಿಯ ಮಾದರಿಯನ್ನು ನೀರಿಗೆ ಹಾಕಲೇಬಾರದು, ಸ್ಪೀಕರು ಅಲ್ಲೇ ತುದಿಯಲ್ಲಿದೆ. ಅದರಲ್ಲಿ ಗುಗ್ಗೆ ತಡೆಯುವ ಪುಟ್ಟ ಜಾಲರಿ ಇರುತ್ತದೆ, ಅದನ್ನು ಬದಲಿಸುತ್ತಿರಬೇಕು. ಕೊಳವೆಗೂ ಆಯುಸ್ಸು ಕಡಿಮೆ. ಹಳದಿಯಾಗಿ ಗಟ್ಟಿಯಾದರೆ ಬದಲಿಸಿಕೊಳ್ಳಿ, ಮೂರರಿಂದ ಆರು ತಿಂಗಳಿಗೊಮ್ಮೆ ಅಂತ ಇಟ್ಟುಕೊಳ್ಳಿ.

ನಮ್ಮ ಕಡೆ ಮಷೀನಿನ ದೊಡ್ಡ ಶತ್ರು ತೇವ. ಉಡುಪಿ, ಮಂಗಳೂರಿನ ಬೆವರು, ಆಗುಂಬೆ ಕಡೆಯ ಮಳೆಗಾಲ, ಎರಡೂ ಇದಕ್ಕೆ ಆಗುವುದಿಲ್ಲ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಸೆಲ್ಲು ಹೊರಗಿಟ್ಟು, ಮಷೀನನ್ನು ಮಾತ್ರ ರಾತ್ರಿ ಅದರೊಳಗೆ ಇಡಿ. ನೀಲಿ ಹರಳು ಗುಲಾಬಿಯಾದರೆ ಅಥವಾ ಕಿತ್ತಳೆ ಹರಳು ಹಸಿರಾದರೆ ನೀರು ಕುಡಿದಿದೆ ಅಂತ, ಬದಲಿಸಿ. ಬಿಸಿಲಲ್ಲಿ ಇಡುವುದು, ಒಲೆ ಪಕ್ಕ ಇಡುವುದು, ಕೂದಲು ಒಣಗಿಸುವ ಡ್ರೈಯರ್ ಹಿಡಿಯುವುದು ಬೇಡ. ಮಳೆಯಲ್ಲಿ ನೆನೆದರೂ ಇದೇ ದಾರಿ: ಸೆಲ್ಲು ತೆಗೆದು, ಒರೆಸಿ, ಹರಳಿನ ಡಬ್ಬಿಗೆ ಹಾಕಿ, ಆಮೇಲೆ ತೋರಿಸಿ.

ಸ್ನಾನಕ್ಕೆ ಮೊದಲು ತೆಗೆಯಿರಿ, ತಲೆಗೆ ಎಣ್ಣೆ ಹಚ್ಚುವ ಮೊದಲೂ ತೆಗೆಯಿರಿ. ಎಣ್ಣೆಸ್ನಾನದ ದಿನ ಕಿವಿಗೂ ಎರಡು ಹನಿ ಬಿಡುವ ಅಭ್ಯಾಸ ಮನೆಯಲ್ಲಿದ್ದರೆ ಅದನ್ನು ನಿಲ್ಲಿಸುವುದೇ ಒಳ್ಳೆಯದು. ಗುಗ್ಗೆ ತೆಗೆಯಲು ಪಿನ್ನು, ಬೆಂಕಿಕಡ್ಡಿ ಹಾಕಬೇಡಿ, ಕಿವಿ ಡಾಕ್ಟರ ಹತ್ತಿರ ಹೋಗಿ. ಎಂ.ಆರ್.ಐ. ಮಾಡಿಸುವಾಗ ಮಷೀನು ಹೊರಗೆ ಉಳಿಯಬೇಕು. ಮನೆಯಲ್ಲಿ ನಾಯಿ ಇದ್ದರೆ ಮಂಚದ ಪಕ್ಕ ಬಿಚ್ಚಿ ಇಡಬೇಡಿ. ಗುಗ್ಗೆಯ ವಾಸನೆಗೋ ಕುಯ್ ಸದ್ದಿಗೋ, ನಾಯಿಗಳಿಗೆ ಇದನ್ನು ಅಗಿಯುವುದೆಂದರೆ ಇಷ್ಟ.

ಮೊದಲ ಕೆಲವು ವಾರ

ವರ್ಷಗಟ್ಟಲೆ ಕೇಳಿಸದಿದ್ದ ಫ್ಯಾನಿನ ಸದ್ದು, ಪಾತ್ರೆ ಸದ್ದು, ಪೇಪರ್ ಮಡಚುವ ಸದ್ದು ಎಲ್ಲ ಒಟ್ಟಿಗೆ ನುಗ್ಗುತ್ತದೆ. ತಮ್ಮದೇ ದನಿ ಕೊಡದೊಳಗಿಂದ ಬಂದ ಹಾಗೆ ಕೇಳಿಸುತ್ತದೆ. ಯಾವುದಕ್ಕೆ ಕಿವಿ ಕೊಡಬೇಕು, ಯಾವುದನ್ನು ಬಿಡಬೇಕು ಅಂತ ಮೆದುಳು ಮತ್ತೆ ಕಲಿಯಬೇಕು, ಅದಕ್ಕೆ ವಾರಗಳೇ ಬೇಕಾಗಬಹುದು. ಹಾಗಾಗಿ ಶುರುವಿನಲ್ಲಿ ಮನೆಯಲ್ಲಿ, ಸದ್ದಿಲ್ಲದ ಕೋಣೆಯಲ್ಲಿ, ಒಬ್ಬರೊಡನೆ ಮಾತಾಡುವಾಗ ಹಾಕಿ. ದಿನಾ ಸ್ವಲ್ಪ ಸ್ವಲ್ಪ ಸಮಯ ಜಾಸ್ತಿ ಮಾಡಿ. ಆಮೇಲೆ ಟಿವಿ, ಆಮೇಲೆ ಅಡುಗೆಮನೆ, ಸಂತೆ, ಮದುವೆ. ಆದರೆ ಹಬ್ಬಕ್ಕೊಮ್ಮೆ ಹಾಕುವುದಾದರೆ ಎಂದಿಗೂ ಒಗ್ಗುವುದಿಲ್ಲ, ದಿನಾ ಹಾಕಬೇಕು.

ಮನೆಯವರಿಗೆ ಒಂದು ಮಾತು: ಕಿರುಚಬೇಡಿ. ಮಷೀನು ಆಗಲೇ ಸದ್ದು ಹೆಚ್ಚಿಸುತ್ತಿದೆ, ನೀವೂ ಕಿರುಚಿದರೆ ಮಾತು ಒಡೆದು ಕೇಳಿಸುತ್ತದೆ. ಮೊದಲು “ಅಪ್ಪಾ” ಅಂತ ಕರೆದು ನಿಮ್ಮ ಕಡೆ ನೋಡಿದ ಮೇಲೆ, ಎದುರು ನಿಂತು, ಮುಖದ ಮೇಲೆ ಬೆಳಕು ಇರುವಂತೆ, ಸ್ವಲ್ಪ ನಿಧಾನ ಮಾತಾಡಿ. ಅಡುಗೆಮನೆಯಿಂದ ಕೂಗಿ, “ಮಷೀನು ಹಾಕಿದರೂ ಕೇಳಲ್ಲ” ಅನ್ನುವುದು ಯಾವ ನ್ಯಾಯ, ಅಲ್ವಾ?

ಫೋನಿನಲ್ಲಿ ಮಾತಾಡುವಾಗ ಫೋನನ್ನು ಕಿವಿಯ ತೂತಿಗಲ್ಲ, ಮೇಲೆ ಹಿಂದೆ ಇರುವ ಮೈಕಿನ ಹತ್ತಿರ ಹಿಡಿಯಬೇಕು. ಕಷ್ಟವಾದರೆ ಸ್ಪೀಕರಿನಲ್ಲಿ ಹಾಕಿ.

ಮಷೀನು ಕೊಟ್ಟ ಆಡಿಯಾಲಜಿಸ್ಟ್ (ಶ್ರವಣ ತಜ್ಞರ) ಹತ್ತಿರ ಮತ್ತೆ ಹೋಗಲು ಸಂಕೋಚಪಡಬೇಡಿ. ಡಿಜಿಟಲ್ ಮಷೀನಾದರೆ ಕಂಪ್ಯೂಟರಿಗೆ ಜೋಡಿಸಿ ಸದ್ದು ತಿದ್ದಬಹುದು. ಆದರೆ “ಸರಿಯಿಲ್ಲ” ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. “ಸ್ಟೀಲ್ ಲೋಟ ಇಟ್ಟರೆ ಚುಚ್ಚುತ್ತೆ”, “ಹೆಂಗಸರ ಮಾತು ತಿಳಿಯುತ್ತೆ, ಗಂಡಸರದು ಇಲ್ಲ” ಅಂತ ಬರೆದುಕೊಂಡು ಹೋಗಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕಿವಿ ಪರೀಕ್ಷೆಗೂ ಮಷೀನಿಗೂ ಬೇರೆ ಬೇರೆ ರಾಜ್ಯಗಳಿಂದ ಜನ ಅಲ್ಲಿಗೆ ಬರುತ್ತಾರೆ. ಆದಾಯ ಕಡಿಮೆ ಇರುವವರು, ಅಂಗವಿಕಲರಿಗೆ ಇಂಥ ಸಾಧನಗಳಿಗೆ ನೆರವು ಕೊಡುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆ ಬಗ್ಗೆ, ಬಿಪಿಎಲ್ ಕುಟುಂಬದ ಹಿರಿಯರು 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆ ಬಗ್ಗೆ ವಿಚಾರಿಸಿ. ಪರೀಕ್ಷೆಯೇ ಮಾಡಿಸದೆ ಆನ್‌ಲೈನಿನಲ್ಲಿ ಅಗ್ಗದ ಸದ್ದು ಹೆಚ್ಚಿಸುವ ಡಬ್ಬಿ ತರಿಸುವುದು ನನ್ನ ಪ್ರಕಾರ ದುಡ್ಡು ದಂಡ.

ಕಿವಿ ಸೋರಿದರೆ, ನೋವಾದರೆ, ಅಚ್ಚು ಕೂರುವ ಕಡೆ ಹುಣ್ಣಾದರೆ ಮಷೀನು ತೆಗೆದಿಟ್ಟು ಡಾಕ್ಟರಿಗೆ ತೋರಿಸಿ. ಇದ್ದಕ್ಕಿದ್ದಂತೆ ಒಂದು ಕಿವಿ ಪೂರ್ತಿ ಮಂದವಾಗಿ, ಮಷೀನು ಸರಿ ಇದೆ ಅಂತ ಖಾತ್ರಿಯಾದರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಇ.ಎನ್.ಟಿ. ಡಾಕ್ಟರ ಹತ್ತಿರ ಹೋಗಿ. ಅದಕ್ಕೆ ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೆಯದು.